ಏಳನೇ ನಂಬರಿನ ಬೇವು, ಐದನೇ ನಂಬರಿನ ಬೆಂಚು

ನಿನ್ನೆ ಮಧ್ಯಾಹ್ನ ಎರಡೂವರೆಗೆ ನಾನು ಒಂದು ಬೆಂಚಿನ ಮೇಲೆ ಕೂತೆ. ಕೂತೆ ಅನ್ನುವುದು ದೊಡ್ಡ ಮಾತಾಯಿತು, ತಾಗಿಸಿದೆ ಅಷ್ಟೆ. ಮರುಕ್ಷಣ "ಅಯ್ಯಯ್ಯಪ್ಪಾ!" ಎಂದು ಎದ್ದು ನಿಂತಿದ್ದೆ. ವಿಜಯವಾಡದ ಮೇ ತಿಂಗಳು, ಗವರ್ನರ್‌ಪೇಟೆಯ ನಡುಬೀದಿ, ತಳತಳ ಹೊಳೆಯುವ ಸ್ಟೀಲ್ ಬೆಂಚು. ದೋಸೆ ಹಂಚಿಗಾದರೆ ಎಣ್ಣೆ ಸವರುತ್ತೇವೆ, ಇದಕ್ಕೆ ಅದೂ ಇಲ್ಲ. ಐವತ್ತಮೂರು ವರ್ಷದ, ಕುತ್ತಿಗೆಗೆ ಬ್ಯಾಂಕಿನ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸು ಹೀಗೆ ಹಾರಿದ್ದನ್ನು ನೋಡಿ ಎಳನೀರಿನವನು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ರಸ್ತೆಯ ಆಚೆ ಬದಿಯಿಂದ ಇನ್ನೊಬ್ಬರು ಮುಖ ತಿರುಗಿಸುವ ಮರ್ಯಾದೆಯನ್ನೂ ತೋರಿಸದೆ ನಕ್ಕರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯವರೆಗೆ ಬರುವಷ್ಟು ಹೊತ್ತೂ ಅದು ಕಾಯುವುದಿಲ್ಲ. ನಿನ್ನೆಯೂ ಅಷ್ಟೆ, ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಬಾಯಿಗೆ ಸಹಸ್ರನಾಮವೇ ಬಂದಿತ್ತು. ಯಾವ ಪುಣ್ಯಾತ್ಮ ಇದನ್ನು ಇಲ್ಲಿಟ್ಟದ್ದು? ಬಿಸಿಲೂರಿನಲ್ಲಿ ಸ್ಟೀಲ್ ಬೆಂಚು ಇಡುವವನ ತಲೆಯಲ್ಲಿ ಏನಿರಬೇಕು? ಅವನ ಮನೆಯಲ್ಲಿ ಸೋಫಾದ ಬದಲು ಬಾಣಲೆ ಇಟ್ಟುಕೊಂಡಿದ್ದಾನೆಯೇ? ಇನ್ನೂ ಬಹಳ ಇತ್ತು. ಆದರೆ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಳ್ಳಬೇಕಾಯಿತು. ಯಾಕೆಂದರೆ ಆ ಬೆಂಚನ್ನು ಆರಿಸಿದವಳು ನಾನೇ.

ನಾನು ಚಳ್ಳಕೆರೆಯವಳು. ಬ್ಯಾಂಕಿನ ವರ್ಗಾವಣೆ ನನ್ನನ್ನು ಮೊದಲು ವಿಶಾಖಪಟ್ಟಣಕ್ಕೆ ಎಸೆಯಿತು, ಮೂರು ವರ್ಷದ ಮೇಲೆ ವಿಜಯವಾಡಕ್ಕೆ. ಪಟಮಟದಲ್ಲಿ ಬಾಡಿಗೆ ಮನೆ, ಗವರ್ನರ್‌ಪೇಟೆಯಲ್ಲಿ ಶಾಖೆ, ನಡುವೆ ಸಿಟಿ ಬಸ್ಸು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಮನೆಯವರು ಜೊತೆಗೇ ಇದ್ದಾರೆ. ಈಗೀಗ ಮನೆಯಲ್ಲೂ ಸಾರಿಗೆ ಉಪ್ಪು ಹೆಚ್ಚಾದರೆ ಅವರು "ಏಂಟಿ ಇದಿ?" ಅನ್ನುತ್ತಾರೆ, ಏನಿದು ಅಂತ. ಅದಕ್ಕೆ ನಾನು "ಸಾರಂಡಿ" ಅನ್ನುತ್ತೇನೆ. ಚಳ್ಳಕೆರೆಗೆ ಹೋದಾಗ ನನ್ನ ತಂಗಿ ನಮ್ಮಿಬ್ಬರನ್ನೂ ಆಡಿಸಿಕೊಂಡು ನಗುತ್ತಾಳೆ.

ಚಳ್ಳಕೆರೆಯಲ್ಲಿ ನಾವಿದ್ದ ಬೀದಿಗೆ ಸುಂದರೀಕರಣ ಯಾರೂ ಮಾಡಿರಲಿಲ್ಲ. ಶೇಂಗಾ ಎಣ್ಣೆ ಮಿಲ್ಲಿನ ಗೋಡೆ, ಗೋಡೆಗೆ ಒರಗಿದಂತೆ ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅಷ್ಟೆ. ನಮ್ಮಪ್ಪ ಆ ಮಿಲ್ಲಿನಲ್ಲಿ ಗುಮಾಸ್ತರು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದರೆ ಅಪ್ಪ ಒಳಗಿಂದ ಬಂದು ಆ ಕಲ್ಲಿನ ಮೇಲೆ ಕೂತೇ ಉಣ್ಣುತ್ತಿದ್ದರು. ಕಲ್ಲಿನ ಮೇಲೆ ಯಾರೋ ಚೌಕಾಬಾರದ ಮನೆ ಕೊರೆದಿದ್ದರು. ನೆರಳು ಸರಿದಂತೆ ಕೂತವರೂ ಒಬ್ಬರ ಹಿಂದೆ ಒಬ್ಬರು ಸರಿಯುತ್ತಿದ್ದರು, ಆಟವಾಡುತ್ತಿದ್ದವರು ಮಾತ್ರ ಮನೆ ಬಿಟ್ಟು ಸರಿಯಲಾಗದೆ ಒಂದು ಕೆನ್ನೆ ಕಾಯಿಸಿಕೊಳ್ಳುತ್ತಿದ್ದರು. ಬೇವಿನ ಹಣ್ಣಿನ ಕಾಲದಲ್ಲಿ ನನ್ನ ಲಂಗದ ಹಿಂಭಾಗವೆಲ್ಲ ಅಂಟು. "ಕೂರಾಕೆ ಬ್ಯಾರೆ ಜಾಗ ಇಲ್ಲೇನೆ ನಿಂಗೆ?" ಎಂದು ಅಮ್ಮ ಒಗೆಯುವ ಕಲ್ಲಿನ ಹತ್ತಿರದಿಂದ ಕೂಗುತ್ತಿದ್ದಳು. ಬೇರೆ ಜಾಗ ನಿಜಕ್ಕೂ ಇರಲಿಲ್ಲ. ಆ ಊರಿನಲ್ಲಿ ಮಧ್ಯಾಹ್ನ ಕೂರಲು ಇದ್ದದ್ದು ಅದೊಂದೇ ಜಾಗ.

ಇಂಥ ಊರಿನಲ್ಲಿ ಹುಟ್ಟಿದವಳಿಗೆ ನೆರಳು ಅಂದರೆ ಏನೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು.

ವಿಶಾಖಪಟ್ಟಣದಲ್ಲಿದ್ದಾಗ ಭಾನುವಾರ ಸಂಜೆ ನಾವಿಬ್ಬರೂ ಬಸ್ಸು ಹಿಡಿದು ಋಷಿಕೊಂಡದ ಕಡೆ ಹೋಗುತ್ತಿದ್ದೆವು. ಅಲ್ಲಿ ದಾರಿ ಬದಿಯಲ್ಲಿ ಒಂದು ಬೆಂಚಿತ್ತು. ಸಮುದ್ರಕ್ಕೆ ಬೆನ್ನು, ರಸ್ತೆಗೆ ಮುಖ. ಕೂತರೆ ಕಾಣುವುದು ಕಾರುಗಳ ಗಾಲಿ. ನಮ್ಮ ಮನೆಯವರು ಮೊದಲ ದಿನ ಅದರ ಮೇಲೆ ಕೂತು, ಕತ್ತನ್ನು ಹಿಂದಕ್ಕೆ ತಿರುಚಿ ಸಮುದ್ರ ನೋಡಲು ಹೋಗಿ, ಒಂದು ವಾರ ಕತ್ತಿಗೆ ಎಣ್ಣೆ ಹಚ್ಚಿಸಿಕೊಂಡರು. "ಅಲ್ವೇ, ಸಮುದ್ರಕ್ಕೆ ಬೆನ್ ಹಾಕ್ಕಂಡು ಕೂರಾಕೆ ಇಷ್ಟ್ ದೂರ ಬರ್ಬೇಕಿತ್ತಾ? ಚಳ್ಳಕೆರೇಲೇ ಕೂತ್ರೂ ಸಮುದ್ರ ಬೆನ್ನಿಗೇ ಇರ್ತಿತ್ತು" ಎಂದರು. ಆಗ ನಾನು ಆ ಬೆಂಚು ಇಟ್ಟವನನ್ನು ಎಷ್ಟು ಬೈದಿದ್ದೆ ಗೊತ್ತೇ? ಬೆಂಚು ಇಡುವವರು ಒಮ್ಮೆ ಅದರ ಮೇಲೆ ತಾವೇ ಕೂತು ನೋಡಬಾರದೇ, ಬುದ್ಧಿ ಬೇಡವೇ, ಎಂದೆಲ್ಲ. ಯಾರನ್ನಾದರೂ ಬಯ್ಯುವಾಗ ಆ ಮಾತು ನನಗೇ ತಿರುಗಿ ಬರಬಹುದೆಂದು ನನಗೆ ಯಾವತ್ತೂ ಹೊಳೆದದ್ದಿಲ್ಲ.

ಈಗ ಸಾಮ್ರಾಜ್ಯಂ ಅವರ ವಿಷಯ. ನಮ್ಮ ಶಾಖೆಯ ಎದುರಿಗೇ, ಮೆಟ್ಟಿಲಿಳಿದು ಹತ್ತು ಹೆಜ್ಜೆ ಇಟ್ಟರೆ, ಒಂದು ಬೇವಿನ ಮರ ಇತ್ತು. ಅದರ ಕೆಳಗೆ ಒಂದು ಹೊಲಿಗೆ ಯಂತ್ರ, ಯಂತ್ರದ ಹಿಂದೆ ಸಾಮ್ರಾಜ್ಯಂ. ಅರವತ್ತು ದಾಟಿದ ಹೆಂಗಸು. ಸುತ್ತಲಿನ ಬಟ್ಟೆ ಅಂಗಡಿಗಳಲ್ಲಿ ಸೀರೆ ಕೊಂಡವರು ನೇರ ಅವರ ಹತ್ತಿರ ಬಂದು ಫಾಲ್ ಹೊಲಿಸಿಕೊಂಡು ಹೋಗುತ್ತಿದ್ದರು. ಬ್ಯಾಗಿನ ಜಿಪ್ಪು, ಕುಪ್ಪಸದ ತೋಳು, ಹರಿದ ಛತ್ರಿ, ಏನು ಕೊಟ್ಟರೂ ಆಗುತ್ತಿತ್ತು. ಮರದ ಕೊಂಬೆಗೆ ಬಣ್ಣ ಬಣ್ಣದ ದಾರದ ಉಂಡೆಗಳು, ಬುಡದ ಮೊಳೆಗೆ ಕತ್ತರಿ, ಇನ್ನೊಂದು ಮೊಳೆಗೆ ಊಟದ ಡಬ್ಬಿ. ಇಪ್ಪತ್ತೆರಡು ವರ್ಷದಿಂದ ಅದೇ ಮರ ಎಂದು ಅವರೇ ಹೇಳಿದ್ದರು. ಊರಿಗೆ ಹೊಸಬಳಾದ ನನ್ನ ಕೈಚೀಲದ ಜಿಪ್ಪು ಮೊದಲ ವಾರವೇ ಕಿತ್ತುಹೋಗಿ ಅವರ ಪರಿಚಯವಾಯಿತು. ನನ್ನ ತೆಲುಗು ಕೇಳಿ ನಗುತ್ತಿದ್ದರು. ನಾವು ಮಾತಾಡಿದ್ದೆಲ್ಲ ತೆಲುಗಿನಲ್ಲೇ, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಒಂದು ದಿನ ಅವರು ನಾಮಿನಿ ಬದಲಾಯಿಸಬೇಕೆಂದು ಬ್ಯಾಂಕಿಗೆ ಬಂದರು. ಇಲ್ಲಿ ನಮ್ಮ ಕಸುಬಿನ ಒಂದು ಅಭ್ಯಾಸ ಹೇಳಬೇಕು. ಬ್ಯಾಂಕಿನವರ ಕೈಯಲ್ಲಿ ಒಂದು ಮೋಟು ಪೆನ್ಸಿಲ್ ಇರುತ್ತದೆ. ಫಾರಂ ತುಂಬಿ, ಗ್ರಾಹಕರು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲಲ್ಲಿ ಆ ಪೆನ್ಸಿಲಿನಿಂದ ಒಂದು ಸಣ್ಣ ಗುಣಾಕಾರದ ಗುರುತು ಹಾಕುತ್ತೇವೆ. ಗ್ರಾಹಕರು ಗುರುತು ಹುಡುಕಿ ಹುಡುಕಿ ಸಹಿ ಹಾಕುತ್ತಾರೆ. ಓದುವುದು ಅವರಿಗೂ ಬೇಕಿಲ್ಲ, ಅವರು ಓದುತ್ತಾ ಕೂತರೆ ಹಿಂದೆ ನಿಂತವರಿಗೂ ನಮಗೂ ಬೇಕಿಲ್ಲ. ಇಪ್ಪತ್ತೆಂಟು ವರ್ಷದಿಂದ ನಾನು ಎಷ್ಟು ಸಾವಿರ ಗುರುತು ಹಾಕಿದ್ದೇನೋ. ನನ್ನ ಪೆನ್ಸಿಲ್ ಗುರುತು ನೋಡಿದ ಕೂಡಲೆ ಮನುಷ್ಯನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಸಾಮ್ರಾಜ್ಯಂ ಅವರ ಕೈ ಹೋಗಲಿಲ್ಲ. ಅವರಿಗೆ ಓದಲು ಬರುವುದಿಲ್ಲ, ಹೆಸರು ಬರೆಯಲು ಮಾತ್ರ ಬರುತ್ತದೆ. ಪೆನ್ನನ್ನು ಮೇಜಿನ ಮೇಲಿಟ್ಟು, "ಚದವಂಡಿ" ಎಂದರು. ಓದಿ, ಅಂತ.

"ಓದೋದೇನಿದೆ ಅಮ್ಮಾ, ಎಲ್ಲಾ ಸರಿ ಇದೆ. ಗುರುತು ಹಾಕಿದೀನಲ್ಲ, ಅಲ್ಲಿ ಸಂತಕ ಹಾಕಿ." ಸಹಿ ಹಾಕಿ, ಅಂತ.

"ನೀವು ಹಾಕಿದ ಗುರುತು ನಿಮ್ಮದು. ಸಂತಕ ನನ್ನದು. ಚದವಂಡಿ."

ನನಗೆ ರೇಗಿತು. ಸಾಲಿನಲ್ಲಿ ಹದಿನೈದು ಜನ. ಆದರೂ ಓದಲೇಬೇಕಾಯಿತು, ಇಂಗ್ಲಿಷ್ ಫಾರಮ್ಮನ್ನು ನನ್ನ ಹರುಕು ತೆಲುಗಿನಲ್ಲಿ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ನನ್ನ ದನಿ ತಾನಾಗಿ ಇಳಿಯಿತು. ಮಗಳ ಹೆಸರು ಬರೆಯಬೇಕಾದ ಕಡೆ ನಾನು ಹಳೆಯ ದಾಖಲೆ ನೋಡಿಕೊಂಡು ಮಗನ ಹೆಸರನ್ನೇ ಮತ್ತೆ ಬರೆದಿದ್ದೆ. ಅದನ್ನು ಬದಲಿಸುವುದಕ್ಕೆ ತಾನೇ ಅವರು ಬಂದದ್ದು! ಸಾಮ್ರಾಜ್ಯಂ ಹೊಸ ಫಾರಂ ಬರುವವರೆಗೆ ಕಾದರು, ಅದನ್ನೂ ಓದಿಸಿದರು, ಆಮೇಲೆ ನಿಧಾನವಾಗಿ ಸಹಿ ಹಾಕಿದರು. ನನಗೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ, ಸುಮಾರು ಊಟದ ಹೊತ್ತಿನವರೆಗೆ.

ಈ ಚಳಿಗಾಲದಲ್ಲಿ ನಮ್ಮ ಬೀದಿಗೆ ಸುಂದರೀಕರಣದ ಯೋಗ ಬಂತು. ಅಂಗಡಿಯವರ ಸಂಘ, ಯಾವುದೋ ಒಂದು ಸಲಹಾ ಕಂಪನಿ, ಬೆಂಚುಗಳಿಗೆ ಪ್ರಾಯೋಜಕರಾಗಿ ನಮ್ಮ ಶಾಖೆ. ಸಮಿತಿಗೆ ಬ್ಯಾಂಕಿನಿಂದ ಒಬ್ಬರು ಬೇಕು. "ನಿಮಗೆ ಟೇಸ್ಟ್ ಇದೆ ಮೇಡಂ, ನೀವೇ ಹೋಗಿ" ಎಂದರು ನಮ್ಮ ಮ್ಯಾನೇಜರು. ಟೇಸ್ಟ್ ಇದೆ ಎಂದು ಯಾರಾದರೂ ಹೇಳಿದರೆ ನಾನು ಬೆಟ್ಟದಿಂದಲೂ ಬೀಳುತ್ತೇನೆ. ಹೊಸ ಮಂಗಳಗಿರಿ ಸೀರೆ ಉಟ್ಟುಕೊಂಡು ಹೋದೆ.

ಸಭೆ ನಡೆದದ್ದು ಒಂದು ಹೋಟೆಲಿನ ಮಹಡಿಯ ಮೇಲೆ. ಹಲ್ಲು ಕಟಕಟ ಅನ್ನುವಂಥ ಏಸಿ. ತಟ್ಟೆಯಲ್ಲಿ ಪೆಸರಟ್ಟು ಉಪ್ಪಿಟ್ಟು, ಗೋಡಂಬಿ. ಪರದೆಯ ಮೇಲೆ ನಮ್ಮ ಬೀದಿಯ ಬಣ್ಣದ ಚಿತ್ರ. ಅದರಲ್ಲಿ ಆಟೋ ಇಲ್ಲ, ತಳ್ಳುಗಾಡಿ ಇಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಕೂದಲು ಹಾರಿಸಿಕೊಂಡು ಕಾಫಿ ಲೋಟ ಹಿಡಿದು ನಡೆಯುವ ಬಿಳಿ ಬಿಳಿ ಜನ. ಆ ಜನರನ್ನು ನಾನು ಗವರ್ನರ್‌ಪೇಟೆಯಲ್ಲಿ ಈವರೆಗೂ ನೋಡಿಲ್ಲ.

ಸಲಹೆಗಾರ ಚೂಟಿ ಹುಡುಗ. ಮೊದಲು ಮರಗಳ ಆಯ್ಕೆ. ಫಾಕ್ಸ್‌ಟೇಲ್ ಪಾಮ್ ಎಂಬ, ನರಿಯ ಬಾಲದಂಥ ಗರಿಯ ಗಿಡ ತೋರಿಸಿದ. ಅದರ ಗುಣಗಾನವನ್ನು ನೀವು ಕೇಳಬೇಕಿತ್ತು. ಎಲೆ ಉದುರುವುದಿಲ್ಲ ಮೇಡಂ, ಹಣ್ಣು ಬಿದ್ದು ಟೈಲ್ಸ್ ಗಲೀಜಾಗುವುದಿಲ್ಲ, ಬೇರು ಹರಡುವುದಿಲ್ಲ, ಹಕ್ಕಿಗಳು ಕೂತು ಕಾರುಗಳ ಮೇಲೆ ಹೊಲಸು ಮಾಡುವುದಿಲ್ಲ, ಅಂಗಡಿಯ ಬೋರ್ಡಿಗೆ ಅಡ್ಡ ಬರುವುದಿಲ್ಲ. ಇಷ್ಟೂ 'ಇಲ್ಲ'ಗಳಿಗೆ ಎಲ್ಲರೂ ತಲೆದೂಗಿದೆವು. ನೆರಳೂ ಬೀಳುವುದಿಲ್ಲ ಎಂಬ ಒಂದು 'ಇಲ್ಲ'ವನ್ನು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಏಸಿಯಲ್ಲಿ ನೆರಳು ಯಾರಿಗೆ ಬೇಕಿತ್ತು? ನಾನು ಶಾಲು ಹೊದ್ದುಕೊಂಡು ಕೂತಿದ್ದೆ.

ಆಮೇಲೆ ಬೆಂಚು. ಇಲ್ಲಿ ನನ್ನ ಪ್ರತಾಪ ಶುರು. ಕಲ್ಲಿನ ಬೆಂಚು, ಸಿಮೆಂಟಿನ ಬೆಂಚು, ಮರದ ಪಟ್ಟಿಯ ಬೆಂಚು, ಸ್ಟೀಲಿನ ಬೆಂಚು, ಹೀಗೆ ಚಿತ್ರದ ಪುಸ್ತಕ. ಸಂಘದ ಅಧ್ಯಕ್ಷರಿಗೆ ಕಲ್ಲು ಸಾಕಾಗಿತ್ತು. ದೊಡ್ಡ ಬಟ್ಟೆ ಅಂಗಡಿಯ ಯಜಮಾನರು, ಮಾತು ಕಡಿಮೆ. ನಾನು ಬಿಡಲಿಲ್ಲ. ಕಲ್ಲು ಹಳ್ಳಿಯದಾಗಿ ಕಾಣುತ್ತದೆ ಎಂದೆ. ಹೌದು, ಚಳ್ಳಕೆರೆಯ ಚಪ್ಪಡಿಯ ಮೇಲೆ ಬೆಳೆದ ನಾನು, ನನ್ನ ಈ ಬಾಯಿಂದಲೇ, ಹಾಗೆಂದೆ. ಸ್ಟೀಲಿನದರ ತೋಳಿಗೆ ಬಳ್ಳಿಯ ಸುರುಳಿ ಇತ್ತು, ನನಗೆ ಅದರ ಮೇಲೆ ಕಣ್ಣು. ಸುರುಳಿ ಒಳಮುಖವಾಗಿರಬೇಕೋ ಹೊರಮುಖವಾಗಿರಬೇಕೋ ಎಂದು ಅರ್ಧ ಗಂಟೆ ವಾದ ಮಾಡಿ ಗೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ನೆನೆಸಿಕೊಂಡರೆ ಅದೇ ಸುರುಳಿಯಲ್ಲಿ ನನ್ನ ಕೈಯನ್ನೇ ತಿರುಚಿ ಹಾಕಬೇಕು ಅನ್ನಿಸುತ್ತದೆ.

ಏಳುವ ಮುಂಚೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಕೇಳಿದೆ. "ಈಗ ಇರೋ ಮರಗಳು?"

"ಎಗ್ಜಿಸ್ಟಿಂಗ್ ಗ್ರೀನ್ ಎಲ್ಲಾ ಪ್ಲಾನಲ್ಲಿದೆ ಮೇಡಂ" ಎಂದ ಹುಡುಗ. ಪ್ಲಾನಲ್ಲಿ ಏನೆಂದು ಇದೆ ಎಂದು ನಾನು ಕೇಳಲಿಲ್ಲ. ಅವನು ಒಂದು ಕಾಗದದ ಕಟ್ಟು ಮುಂದಿಟ್ಟ. ಹನ್ನೆರಡು ಹಾಳೆ. ಮೂರು ಕಡೆ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರದ ಗುರುತು.

ನೋಡಿ, ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಒಂದು ಹಾಳೆಯನ್ನಾದರೂ ತಿರುವಿ ನೋಡುತ್ತಿದ್ದರು. ಒಬ್ಬ ತರಕಾರಿಯವನು ನೋಡುತ್ತಿದ್ದ, ಒಬ್ಬ ಡ್ರೈವರ್ ನೋಡುತ್ತಿದ್ದ. ಆ ಪೆನ್ಸಿಲ್ ಗುರುತನ್ನು ಅಷ್ಟು ನಂಬುವ ಪ್ರಾಣಿ ಪ್ರಪಂಚದಲ್ಲಿ ಒಂದೇ, ಬ್ಯಾಂಕಿನವರು. ಗುರುತು ಇದೆ ಅಂದರೆ ಯಾರೋ ಓದಿ ಸರಿನೋಡಿದ್ದಾರೆ ಎಂದೇ ನಮ್ಮ ಲೆಕ್ಕ. ಟಪಟಪ ಮೂರು ಸಹಿ ಹಾಕಿದೆ. ಗೋಡಂಬಿ ಬಾಯಿಗೆ ಹಾಕಿಕೊಂಡು ಕೆಳಗಿಳಿದೆ.

ಯುಗಾದಿಯ ಹಿಂದಿನ ದಿನ ಸಾಮ್ರಾಜ್ಯಂ ನನ್ನನ್ನು ಕರೆದು ಒಂದು ಪೊಟ್ಟಣ ಕೊಟ್ಟರು. ಬೇವಿನ ಹೂವು, ಅದೇ ಮರದ್ದು. "ನಿಮ್ಮೂರಲ್ಲಿ ಬರೀ ಬೆಲ್ಲದ ಜೊತೆ ತಿಂತೀರಂತಲ್ಲ, ನಾವು ಪಚ್ಚಡಿ ಮಾಡ್ತೀವಿ. ಹೇಗಾದರೂ ತಿನ್ನಿ" ಎಂದರು. ಆಮೇಲೆ ಮರದ ಬೊಡ್ಡೆ ತೋರಿಸಿ, "ಏಂಟಮ್ಮಾ ಇದಿ?" ಎಂದು ಕೇಳಿದರು. ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಬೀದಿಯ ಎರಡೂ ಬದಿಯ ಮರಗಳಿಗೆ ಒಂದರಿಂದ ಹದಿನಾಲ್ಕರವರೆಗೆ ನಂಬರು ಬಿದ್ದಿತ್ತು. ಅವರ ಮುಖದಲ್ಲಿ ಕಳವಳ.

"ಮರ ಕಾಪಾಡೋಕೆ ಎಣಿಸ್ತಿದಾರೆ ಅಮ್ಮಾ. ಹೆದರಬೇಡಿ. ಆ ಸಮಿತೀಲಿ ನಾನೇ ಇದೀನಿ, ನಾನೇ ಸಂತಕ ಹಾಕಿದೀನಿ. ಏನೂ ಆಗಲ್ಲ."

"ನೀವಿದ್ದೀರಂದ್ರೆ ಸರಿ" ಎಂದು ಅವರು ಹೊಲಿಗೆಗೆ ಬಗ್ಗಿದರು. ಮರುದಿನ ಆ ಹೂವನ್ನು ಬೆಲ್ಲದ ಜೊತೆ ಕಲಸಿ ದೇವರ ಮುಂದಿಟ್ಟು, ನಾವಿಬ್ಬರೂ ತಿಂದೆವು.

ಯುಗಾದಿ ಕಳೆದು ಎರಡನೇ ಸೋಮವಾರ ಬಸ್ಸಿಳಿದು ಶಾಖೆಯ ಕಡೆ ತಿರುಗಿದೆ. ಎಲ್ಲೋ ಬೇರೆ ಬೀದಿಗೆ ಬಂದೆನೇನೋ ಅನ್ನಿಸಿತು. ಬೀದಿಯ ತುಂಬ ಕಣ್ಣು ಕುಕ್ಕುವ ಬೆಳಕು. ನಮ್ಮ ಬದಿಯ ಏಳೂ ಮರ ಇಲ್ಲ. ಭಾನುವಾರ ಅಂಗಡಿ ಮುಚ್ಚಿದ ಹೊತ್ತು ನೋಡಿ ಯಂತ್ರ ತಂದು ಕೊಯ್ದು, ಬುಡ ಸಹಿತ ಕಿತ್ತು, ಕೊಂಬೆ ಎಲ್ಲ ಸಾಗಿಸಿಬಿಟ್ಟಿದ್ದರು. ಸಾಮ್ರಾಜ್ಯಂ ಅದೇ ಜಾಗದಲ್ಲಿ, ಹೊಲಿಗೆ ಯಂತ್ರಕ್ಕೆ ಒಂದು ಛತ್ರಿ ಕಟ್ಟಿಕೊಂಡು ಕೂತಿದ್ದರು. ಛತ್ರಿಯ ನೆರಳು ಯಂತ್ರಕ್ಕೆ ಸಾಲುತ್ತಿತ್ತು, ಅವರಿಗೆ ಸಾಲುತ್ತಿರಲಿಲ್ಲ. ದಾರದ ಉಂಡೆಗಳೆಲ್ಲ ಒಂದು ಬಕೆಟ್ಟಿನಲ್ಲಿ ತುಂಬಿದ್ದವು.

ನನಗೆ ಮೈಯೆಲ್ಲ ಬೆಂಕಿ. "ತಡೀರಿ, ಈಗಲೇ ಹೋಗಿ ಕೇಳ್ತೀನಿ ಅವರನ್ನ!" ಎಂದು ಅವರ ಎದುರಿಗೇ ಕೂಗಿ, ಬ್ಯಾಂಕಿನ ಬಾಗಿಲನ್ನೂ ತುಳಿಯದೆ ನೇರ ಸಂಘದ ಅಧ್ಯಕ್ಷರ ಬಟ್ಟೆ ಅಂಗಡಿಗೆ ನುಗ್ಗಿದೆ. ಗಿರಾಕಿಗಳಿದ್ದಾರೆ ಎಂದೂ ನೋಡಲಿಲ್ಲ. ನಾಚಿಕೆ ಆಗಲ್ವಾ ನಿಮಗೆ, ಯಾರನ್ನು ಕೇಳಿ ಕಡಿದಿರಿ, ಮರ ಏನು ನಿಮ್ಮ ಅಂಗಡಿಯ ಬಟ್ಟೆ ಥಾನೇ, ಅಳೆದು ಹರಿಯೋದಕ್ಕೆ? ಕನ್ನಡ, ತೆಲುಗು, ಇಂಗ್ಲಿಷು, ಯಾವುದು ಬಾಯಿಗೆ ಬಂತೋ ಅದರಲ್ಲಿ ಬೈದೆ. ಅಧ್ಯಕ್ಷರು ಪಾಪ, ಸಮಾಧಾನವಾಗಿ, "ಕೂರ್ಚೋಂಡಿ ಮೇಡಂಗಾರು" ಎಂದು ನೀರು ತರಿಸಿದರು. ಕಪಾಟಿನಿಂದ ಆ ಹನ್ನೆರಡು ಹಾಳೆಯ ಕಟ್ಟು ತೆಗೆದರು. ಒಂಬತ್ತನೇ ಹಾಳೆ ತೋರಿಸಿದರು.

ಒಂದು ಪಟ್ಟಿ. ಮರದ ನಂಬರು, ಜಾತಿ, ತೆಗೆಯಲು ಕಾರಣ. ಏಳನೇ ಸಾಲಿನಲ್ಲಿ: ಬೇವು, ಐದನೇ ನಂಬರಿನ ಬೆಂಚಿನ ಜಾಗಕ್ಕೆ ಅಡ್ಡಿ. ಐದನೇ ನಂಬರಿನ ಬೆಂಚು ಅಂದರೆ ನಮ್ಮ ಶಾಖೆಯ ಎದುರಿನದು, ಬ್ಯಾಂಕಿನ ಹೆಸರಿನ ಫಲಕ ಹಾಕಬೇಕಾದದ್ದು. ಕೆಳಗೆ, ಸಮಿತಿಯ ಸದಸ್ಯರೂ ಎದುರಿನ ಕಟ್ಟಡದವರೂ ಓದಿ ಒಪ್ಪಿದ್ದಾರೆ ಎಂಬ ವಾಕ್ಯ. ಅದರ ಕೆಳಗೆ ಬಾಲ ಸ್ವಲ್ಪ ಜಾಸ್ತಿ ಎಳೆದ ನನ್ನ ಸಹಿ. ಸಹಿಯ ಪಕ್ಕ ಪೆನ್ಸಿಲ್ ಗುರುತು ಇನ್ನೂ ಹಾಗೇ ಇತ್ತು.

"ನೀವು ಎದುರಿನ ಕಟ್ಟಡದವರು ಮೇಡಂ. ನೀವು ಒಪ್ಪಿರಲಿಲ್ಲ ಅಂದ್ರೆ ನಗರಪಾಲಿಕೆಯ ಅನುಮತಿಯೇ ಸಿಗ್ತಿರಲಿಲ್ಲ" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಚುಚ್ಚುವುದು ಏನೂ ಇರಲಿಲ್ಲ, ಇದ್ದಿದ್ದರೆ ಜಗಳವಾಡಬಹುದಿತ್ತು. ನೀರು ಕುಡಿದು ಹೊರಗೆ ಬಂದೆ.

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಲು ನನಗೇ ಅಸಹ್ಯ. ಮೂರು ವಾರ ನಾನು ಬ್ಯಾಂಕಿನ ಹಿಂಬಾಗಿಲಿನಿಂದ, ಸ್ಕೂಟರು ನಿಲ್ಲಿಸುವ ಸಂದಿಯಿಂದ ಓಡಾಡಿದೆ. ಸಾಮ್ರಾಜ್ಯಂ ಎದುರು ಹೇಳಿ ಹೋಗಿದ್ದೆನಲ್ಲ, ಕೇಳಿ ಬರುತ್ತೇನೆ ಎಂದು. ಕೇಳಿ ಬಂದದ್ದನ್ನು ಹೇಳಲು ಬಾಯಿ ಬರಲಿಲ್ಲ. ಕಿಟಕಿಯಿಂದ ಮಾತ್ರ ನೋಡುತ್ತಿದ್ದೆ. ಎರಡು ದಿನ ಛತ್ರಿಯ ಕೆಳಗೆ ಕೂತರು. ಮೂರನೇ ದಿನ ತಲೆ ಸುತ್ತಿ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ್ದರಂತೆ, ಕಾವಲಿನವನು ಹೇಳಿದ. ನಾಲ್ಕನೇ ದಿನ ಯಂತ್ರವನ್ನು ರಸ್ತೆ ದಾಟಿಸಿ, ಎದುರು ಬದಿಯ ಹನ್ನೊಂದನೇ ನಂಬರಿನ ಹೊಂಗೆಯ ಕೆಳಗೆ, ಕಬ್ಬಿನ ಹಾಲಿನ ಗಾಡಿಯ ಪಕ್ಕ ಮುದುಡಿಕೊಂಡು ಕೂತರು. ಅಲ್ಲಿ ಬಟ್ಟೆ ಅಂಗಡಿಗಳಿಲ್ಲ, ಇರುವುದೆಲ್ಲ ಪಾತ್ರೆ, ಹಾರ್ಡ್‌ವೇರು. ಸೀರೆಯ ಫಾಲ್ ಹೊಲಿಸಲು ಯಾರು ಬರುತ್ತಾರೆ? ಅದೂ ಇರಲಿ, ಹನ್ನೊಂದೂ ಅದೇ ಪಟ್ಟಿಯಲ್ಲಿದೆ. ಆ ಬದಿಯನ್ನು ಮಳೆಗಾಲಕ್ಕೆ ಮುಂಚೆ ಮುಗಿಸುತ್ತಾರಂತೆ.

ಏಳನೇ ನಂಬರಿನ ಜಾಗಕ್ಕೆ ಐದನೇ ನಂಬರಿನ ಬೆಂಚು ಬಂತು, ಪಕ್ಕದಲ್ಲಿ ಕುಂಡದೊಳಗೆ ಒಂದು ನರಿಬಾಲ. ನಿನ್ನೆ ಅಂತೂ ಧೈರ್ಯ ಮಾಡಿ ಮುಂಬಾಗಿಲಿನಿಂದ ಇಳಿದೆ. ರಸ್ತೆ ದಾಟಿ ಎಲ್ಲ ಹೇಳಿಬಿಡಬೇಕೆಂದೇ ಹೊರಟದ್ದು. ಹತ್ತು ಹೆಜ್ಜೆಗೆ ಆ ಧೈರ್ಯ ಮುಗಿಯಿತು. ಒಂದು ಕ್ಷಣ ಸುಧಾರಿಸಿಕೊಳ್ಳೋಣ ಎಂದು ಬೆಂಚಿನ ಮೇಲೆ ಕೂತೆ. ಮುಂದಿನದು ನಿಮಗೆ ಗೊತ್ತು. ರಸ್ತೆಯ ಆಚೆಯಿಂದ ನಕ್ಕವರು ಸಾಮ್ರಾಜ್ಯಂ. ಅದು ಖುಷಿಯ ನಗುವಲ್ಲ. ನಾನು ಮತ್ತೆ ಹಿಂಬಾಗಿಲು ಸೇರಿದೆ.

ಸಂಜೆ ಮನೆಯವರು ನನ್ನ ಮುಖ ನೋಡಿದರು. "ಯಾಕೇ, ಹಿಂಗ್ ಮಕ ಊದಿಸ್ಕಂಡಿದೀಯಾ?" ಎಲ್ಲ ಒದರಿದೆ. ಸಲಹೆಗಾರನನ್ನು, ಅಧ್ಯಕ್ಷರನ್ನು, ಮ್ಯಾನೇಜರನ್ನು, ನರಿಬಾಲವನ್ನು, ಎಲ್ಲರನ್ನೂ ಬೈದೆ. ಮೋಸ, ಶುದ್ಧ ಮೋಸ ಎಂದೆ. ಅವರು ಹುರುಳಿಕಾಯಿಯ ನಾರು ತೆಗೆಯುತ್ತಾ ಪೂರ್ತಿ ಕೇಳಿದರು.

"ಆ ಹುಡುಗ ಹಾಳೆ ಮುಚ್ಚಿಟ್ಟಿದ್ನಾ?"

"ಇಲ್ಲ."

"ಓದ್ಬ್ಯಾಡ ಅಂದ್ನಾ?"

"ಇಲ್ಲ ಕಣ್ರೀ!"

"ಹಂಗಾರೆ ಬೈಯೋದು ಸ್ವಲ್ಪ ಉಳಿಸ್ಕೋ. ಆಕಡೆ ಇನ್ನಾ ಏಳು ಮರ ಐತೆ." ಅಷ್ಟು ಹೇಳಿ ಹುರುಳಿಕಾಯಿ ಪಾತ್ರೆಯನ್ನು ನನ್ನ ಕಡೆ ತಳ್ಳಿದರು.

ಅಡುಗೆಮನೆಯಲ್ಲೇ ಕೂತು ನಗರಪಾಲಿಕೆಗೆ ಒಂದು ಅರ್ಜಿ ಬರೆದೆ. ನನ್ನ ಒಪ್ಪಿಗೆಯನ್ನು ವಾಪಸು ಪಡೆಯುತ್ತಿದ್ದೇನೆ, ಎಂಟರಿಂದ ಹದಿನಾಲ್ಕರವರೆಗಿನ ಮರಗಳನ್ನು ಮುಟ್ಟಬಾರದು, ಪಾಮ್ ಬದಲು ನಮ್ಮ ಬದಿಯಲ್ಲಿ ಬೇವು, ಹೊಂಗೆ ನೆಡಬೇಕು, ಸ್ಟೀಲಿನ ಬದಲು ಕಲ್ಲು ಹಾಕಬೇಕು, ಇತ್ಯಾದಿ. ಬ್ಯಾಂಕಿನ ಇಂಗ್ಲಿಷು, ಒಂದೂವರೆ ಪುಟ. ಕೆಳಗೆ ಬೀದಿಯಲ್ಲಿ ದುಡಿಯುವವರ ಸಹಿಗೆ ಜಾಗ ಬಿಟ್ಟೆ. ಮೊದಲ ಸಹಿ ಸಾಮ್ರಾಜ್ಯಂ ಅವರದೇ ಇರಬೇಕು ಎಂದುಕೊಂಡೆ.

ಇವತ್ತು ಬೆಳಿಗ್ಗೆ ರಸ್ತೆ ದಾಟಿದೆ. ಹೊಂಗೆಯ ನೆರಳು ಅವರಿಗೂ ಯಂತ್ರಕ್ಕೂ ಕಬ್ಬಿನ ಗಾಡಿಗೂ ಹಂಚಿಹೋಗಿ ನನ್ನ ಪಾಲಿಗೆ ಬಿಸಿಲೇ ಉಳಿದಿತ್ತು. ಅವರು ತಲೆ ಎತ್ತಲಿಲ್ಲ, ಪೆಡಲು ತುಳಿಯುತ್ತಲೇ ಇದ್ದರು.

"ಕೇಳಿ ಬರ್ತೀನಿ ಅಂದಿದ್ರಿ. ಮೂರು ವಾರ ಆಯಿತು."

"ಕೇಳಿದೆ ಅಮ್ಮಾ. ಆ ಕಾಗದದಲ್ಲಿ ನನ್ನ ಸಂತಕ ಇತ್ತು."

ಪೆಡಲು ನಿಂತಿತು. "ಚದಿವಾರಾ?" ಓದಿದ್ದಿರಾ, ಅಂತ.

"ಇಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಬಿತ್ತು ನೋಡಿ ಮಂಗಳಾರತಿ. ಓದಲು ಬರದ ನಾನು ಓದಿಸಿ ಹಾಕ್ತೀನಿ, ಓದು ಬರುವ ನಿಮಗೇನು ಬಂದಿತ್ತು ದೊಡ್ಡ ರೋಗ? ಇಪ್ಪತ್ತೆರಡು ವರ್ಷ ನನ್ನನ್ನು ಕೂರಿಸಿಕೊಂಡ ಮರ, ಅದನ್ನ ತಿಂದಿರಿ, ಹೂವನ್ನೂ ತಿಂದಿರಿ! ಕಬ್ಬಿನವನು ಯಂತ್ರ ನಿಲ್ಲಿಸಿ ಕೇಳಿಸಿಕೊಂಡ. ಎದುರು ಮಾತಾಡದೆ ಬೈಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವರ ಸಿಟ್ಟು ನನ್ನದಕ್ಕಿಂತ ಚೆನ್ನಾಗಿತ್ತು, ಅದಕ್ಕೆ ಕಾರಣ ಇತ್ತು.

ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಅರ್ಜಿಯನ್ನು ಯಂತ್ರದ ಹಲಗೆಯ ಮೇಲಿಟ್ಟೆ. ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಹಾಳು ಕೈ ತಾನಾಗಿ ಚೀಲದಿಂದ ಮೋಟು ಪೆನ್ಸಿಲ್ ತೆಗೆದು ಅವರು ಸಹಿ ಹಾಕಬೇಕಾದ ಕಡೆ ಗುಣಾಕಾರದ ಗುರುತು ಹಾಕಿತು.

ಅವರು ಗುರುತನ್ನು ನೋಡಿದರು, ನನ್ನನ್ನು ನೋಡಿದರು. "ಚದವಂಡಿ."

ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು ಓದಿದೆ. ಒಂದೊಂದೇ ವಾಕ್ಯ, ತೆಲುಗಿನಲ್ಲಿ. ಬೀದಿಯ ಒಂದು ಬದಿಯ ಏಳು ಮರಗಳು ಈಗಾಗಲೇ ಕಡಿದು ಹೋಗಿವೆ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಯಾರಿಂದ?"

"ಸಂಘದವರು..."

"ಯಾರು ಸಂತಕ ಹಾಕಿದ್ದಕ್ಕೆ ಕಡಿದರು? ಅದು ಇದರಲ್ಲಿ ಎಲ್ಲಿದೆ?"

ಅದು ಇದರಲ್ಲಿ ಎಲ್ಲೂ ಇರಲಿಲ್ಲ. ಒಂದೂವರೆ ಪುಟದಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೆ. ಪೆನ್ನು ತೆಗೆದು ಆ ಸಾಲಿನ ಮೇಲೆ, ಸಿಕ್ಕ ಜಾಗದಲ್ಲಿ ಬರೆದೆ: ನಾನು ಓದದೆ ಹಾಕಿದ ಸಹಿಯಿಂದ.

"ಈಗ ಚದವಂಡಿ."

ಮತ್ತೆ ಓದಿದೆ. ಅವರು ಕೊನೆಯವರೆಗೂ ಕೇಳಿದರು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ನನ್ನ ಪೆನ್ಸಿಲ್ ಗುರುತನ್ನು ಉಜ್ಜಿ ಉಜ್ಜಿ ಅಳಿಸಿದರು. ಆಮೇಲೆ ಪೆನ್ನು ಹಿಡಿದು, ಒಂದೊಂದೇ ಅಕ್ಷರವಾಗಿ, ತಮ್ಮ ಹೆಸರು ಬರೆದರು. ಬರೆದು ಪೆನ್ನನ್ನು ನನ್ನ ಕಡೆ ಚಾಚಿದರು.

"ಇಪ್ಪುಡು ಮೀರು." ಈಗ ನೀವು.

ನಾನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿ, ಹಾಕಿದೆ.